ಬಾನುಬಿ ತೆಗೆಯದೆ ಬಿಟ್ಟ ಬಳೆ

ಮುಂಡರಗಿಯಲ್ಲಿ ಬಳೆಗಾರರು ಇರುವ ಮಣಿಯಾರ ಓಣಿಗೆ ಸೊಸೆಯಾಗಿ ಬಂದ ಬಾನುಬಿಗೆ ಅತ್ತೆ ಶಮಶಾದಬಿ ಮೊದಲು ಕಲಿಸಿದ್ದು ರೊಟ್ಟಿ ಬಡಿಯುವುದನ್ನಲ್ಲ, ಕೈ ಹಿಡಿಯುವುದನ್ನು. ಹೆಬ್ಬೆರಳಿನ ಬುಡವನ್ನು ಒಳಗೆ ಒತ್ತಿ, ಉಳಿದ ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ, ಕೈ ಕೊಟ್ಟವಳ ಮುಖ ನೋಡುತ್ತ ಏನಾದರೊಂದು ಮಾತು ತೆಗೆಯಬೇಕು. ಮಾತಿನಲ್ಲಿ ಮೈಮರೆತವಳ ಕೈ ಮೆತ್ತಗಾಗುತ್ತದೆ. ಆಗ ಬಳೆ ತಾನಾಗಿ ಏರುತ್ತದೆ.

ಎರಡನೆಯದು ಇನ್ನೂ ದೊಡ್ಡ ಪಾಠ.

"ಹಳೇ ಬಳಿ ಎಲ್ಲಾ ಒಮ್ಮೆಲೆ ತಗೀಬ್ಯಾಡ ಬೇಟಿ. ಒಂದು ಇರಲಿ. ಹೊಸಾದು ಏರಿದ ಮ್ಯಾಲೆ ಆ ಒಂದನ್ನ ತಗಿ. ಕೈ ಅನ್ನೂದು ಒಂದು ಗಳಿಗಿ ಸೈತ ಬರಿದಾಗಬಾರದು. ಮಂದಿ ಮನಿ ಹೆಣ್ಣಮಕ್ಕಳು ನಮಗ ಕೈ ಕೊಡೂದು ಆ ನಂಬಿಗಿ ಮ್ಯಾಲೆ."

ಬಾನುಬಿ ಈ ಮಾತನ್ನು ಎಷ್ಟು ಪಾಲಿಸಿದಳೆಂದರೆ ಕೆಲವು ವರ್ಷಗಳಲ್ಲಿ ಅದು ಅವಳ ತಲೆಯಿಂದ ಇಳಿದು ಬೆರಳಿಗೆ ಹೋಗಿ ಕೂತಿತು. ನಿದ್ದೆಗಣ್ಣಿನಲ್ಲಿ ಬಳೆ ತೊಡಿಸಲು ಕೂಡ್ರಿಸಿದರೂ ಅವಳ ಬೆರಳು ಕಡೆಯ ಬಳೆಯ ಹತ್ತಿರ ಬಂದು ನಿಲ್ಲುತ್ತಿತ್ತು.

ತಲೆಯ ಮೇಲೆ ಬಳೆಯ ಬುಟ್ಟಿ, ಹೆಗಲಿಗೆ ಬಳೆ ಪೋಣಿಸಿದ ಮಲಾರ, ಕಂಕುಳಲ್ಲಿ ಮೊಲೆ ಕುಡಿಯುವ ಮಗ. ಹೀಗೆ ಅವಳು ತಿರುಗುತ್ತಿದ್ದ ಸೀಮೆಯೇ ವಿಚಿತ್ರ. ಮುಂಡರಗಿ ಇಂಗ್ರೇಜಿ ಸರಕಾರದ್ದು. ಪಡುವಣಕ್ಕೆ ಹೋದರೆ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿನವರದು. ತೆಂಕಣಕ್ಕೆ ಹೊಳೆ ದಾಟಿದರೆ ಮದ್ರಾಸಿನವರು. ಮೂಡಣಕ್ಕೆ ಹಳ್ಳ ದಾಟಿದರೆ ನಿಜಾಮರ ಮೊಗಲಾಯಿ. ಊರಿನ ಮಾತೂ ಹಾಗೆಯೇ. ಕುಲಕರ್ಣಿಯವರ ಭಾಗೀರಥಿಬಾಯಿ ಮನೆಯಲ್ಲಿ ಮರಾಠಿ ಆಡುತ್ತಿದ್ದರು, ಅರಿವೆ ಅಂಗಡಿಯ ಸೇಠ ಮಾರವಾಡಿ, ಬಾನುಬಿಯ ಮನೆಯಲ್ಲಿ ದಖನಿ. ಬೀದಿಗೆ ಬಂದರೆ ಎಲ್ಲರದ್ದೂ ಕನ್ನಡ. ಯಾವ ಮನೆಗೆ ಯಾವ ಬಳೆ ಎಂಬುದು ಬಾನುಬಿಗೆ ಬಾಯಿಪಾಠ. ಭಾಗೀರಥಿಬಾಯಿ ಹೊಸ್ತಿಲ ಒಳಗೆ ಕೂತು ಕೈಯನ್ನು ಮಾತ್ರ ಹೊರಗೆ ಚಾಚುತ್ತಿದ್ದರು, ಆಮೇಲೆ ಸ್ನಾನ ಮಾಡುತ್ತಿದ್ದರು.

"ಜಳಕದ ನೀರು ಕಾದಾವೇನ್ರಿ ಬಾಯಾರ? ಕಾದಿದ್ರ ಹೇಳ್ರಿ, ಜಲ್ದಿ ಇಡಸ್ತೀನಿ," ಎಂದು ಬಾನುಬಿ ನಗುತ್ತಿದ್ದಳು.

"ನೀ ಮುಟ್ಟಿದರೂ ಜಳಕ, ಮುಟ್ಟದಿದ್ದರೂ ಜಳಕ. ಮಾತು ಸಾಕು, ಹಿಡಿ ಕೈ," ಎನ್ನುತ್ತಿದ್ದರು ಬಾಯಿ.

ಹಳ್ಳದ ಆಚೆ ಹುಣಸಿಕೊಪ್ಪ ಎಂಬ ಸಣ್ಣ ಊರು. ಅದು ಶಮಶಾದಬಿಯ ಮನೆತನದ ಹಕ್ಕಿನ ಊರು. ಅಲ್ಲಿಯ ಮದುವೆಗಳಿಗೆ ಬಳೆ ಇವರೇ ಇಡಿಸಬೇಕು, ಬೇರೆ ಮಣಿಯಾರರು ಕಾಲಿಡುವಂತಿಲ್ಲ. ಹಳ್ಳದ ದಂಡೆಗೆ ಸುಂಕದ ನಾಕಾ: ಒಂದು ಗುಡಿಸಲು, ಒಂದು ಅಡ್ಡಗೋಲು, ಬೀಡಿ ಸೇದುವ ಒಬ್ಬ ಜವಾನ. ಅವನು ಬುಟ್ಟಿ ಇಳಿಸಿ ನೋಡಿ, ಹೆಂಡತಿಗೆಂದು ಎರಡು ಬಳೆ ಎತ್ತಿಕೊಂಡು, ಹೋಗು ಎನ್ನುತ್ತಿದ್ದ.

ಹುಣಸಿಕೊಪ್ಪದ ಕರಿಯವ್ವನ ಮಗ ತಿರಕಪ್ಪನ ಮದುವೆಯಲ್ಲಿ ಮದುಮಗಳು ದೇವವ್ವನಿಗೆ ಹಸಿರು ಬಳೆ ಇಡಿಸಿದ್ದು ಬಾನುಬಿಯೇ. ಸಣ್ಣ ಕೈ, ಗಟ್ಟಿ ಎಲುಬು. ಒಂದೂ ಬಳೆ ಒಡೆಯಲಿಲ್ಲ. "ಈ ಕೈಗೆ ನೂರು ವರ್ಷ ಐತಿ," ಎಂದು ಬಾನುಬಿ ಅಂದಿದ್ದಳು. ಬಳೆಗಾರ್ತಿ ಎಲ್ಲ ಮದುಮಗಳಿಗೂ ಅನ್ನುವ ಮಾತು ಅದು.

ದೇಶಕ್ಕೆ ಸ್ವಾತಂತ್ರ್ಯ ಬಂತೆಂದು ಮುಂಡರಗಿಯಲ್ಲಿ ಸಕ್ಕರೆ ಹಂಚಿದರು. ಹಳ್ಳದ ಆಚೆ ಹಂಚಲಿಲ್ಲ. ನಿಜಾಮರು ತಾವು ಬೇರೆಯೇ ಉಳಿಯುತ್ತೇವೆ ಅಂದರು. ನಾಕಾದಲ್ಲಿ ಬೀಡಿ ಸೇದುವವನ ಜೊತೆಗೆ ಬಂದೂಕಿನವರು ಬಂದು ನಿಂತರು. ನಿಜಾಮರ ಪರದ ರಜಾಕಾರರು ಊರು ಸುಡುತ್ತಾರೆಂಬ ಖಬರು ಬರತೊಡಗಿತು, ಖಬರಿನ ಹಿಂದೆಯೇ ಮಂದಿ ಬರತೊಡಗಿದರು. ಚಕ್ಕಡಿಯಲ್ಲಿ ಬೀಸುವ ಕಲ್ಲು, ಕೋಳಿ, ಮುದುಕರು. ಗದಗಕ್ಕೆ ಹೋದವರು ಹೋದರು, ಕೈಲಾಗದವರು ಮುಂಡರಗಿಯಲ್ಲೇ ಉಳಿದರು. ಹತ್ತಿ ಗಿರಣಿಯ ತಗಡಿನ ಚಪ್ಪರದ ಕೆಳಗೆ ಹುಣಸಿಕೊಪ್ಪದವರು ಬಿಡಾರ ಹೂಡಿದರು.

ಬಾನುಬಿ ಅಲ್ಲಿಗೆ ಹೋದಾಗ ಕರಿಯವ್ವ ಮೂರು ಕಲ್ಲಿನ ಒಲೆ ಊದುತ್ತಿದ್ದಳು. ದೇವವ್ವನ ತೊಡೆಯ ಮೇಲೆ ಎರಡು ತಿಂಗಳ ಹೆಣ್ಣುಕೂಸು, ಶಂಕ್ರೆವ್ವ.

"ಮಗಾ ಎಲ್ಲಿ?" ಎಂದು ಬಾನುಬಿ ಕೇಳಿದಳು.

"ಎತ್ತು ಬಿಟ್ಟು ಬರಂಗಿಲ್ಲ ಅಂದ. ಹೊಡಕೊಂಡು ಹಿಂದಿಂದ ಬರತೀನಿ ಅಂದಾನ," ಅಂದಳು ಕರಿಯವ್ವ.

ಹಿಂದಿನಿಂದ ಬಂದದ್ದು ಅವನ ಕಂಬಳಿ. ಹಳ್ಳದ ಹತ್ತಿರ ಗುಂಡು ಹಾರಿದವು, ಮೂರು ನಾಲ್ಕು ಜನ ಬಿದ್ದರು, ಕತ್ತಲಾಗಿತ್ತು, ಯಾರು ಏನೆಂದು ತಿಳಿಯಲಿಲ್ಲ ಎಂದು ಓಡಿ ಬಂದವನೊಬ್ಬ ಹೇಳಿ, ದಾರಿಯಲ್ಲಿ ಸಿಕ್ಕಿತೆಂದು ಒಂದು ಕರಿ ಕಂಬಳಿಯನ್ನು ಕರಿಯವ್ವನ ಮುಂದೆ ಇಟ್ಟ. ಅಂಚಿಗೆ ಕೆಂಪು ದಾರದ ಹೊಲಿಗೆ. ಆ ಹೊಲಿಗೆ ಕರಿಯವ್ವನದೇ. ಒಂದು ಮೂಲೆಯಲ್ಲಿ ರಕ್ತ ಗಟ್ಟಿಯಾಗಿತ್ತು.

ಅಳುವುದೆಲ್ಲ ಮುಗಿದ ಮೇಲೆ ಹುಣಸಿಕೊಪ್ಪದ ಹಿರಿಯ ಹೇಮಪ್ಪ ಬಂದು ಕೂತ. ಹೆಣವಿಲ್ಲ, ಆದರೂ ಆಗಬೇಕಾದ್ದು ಆಗಬೇಕಲ್ಲ ಅಂದ. ಕರಿಯವ್ವ ಎದ್ದು ನೇರ ಮಣಿಯಾರ ಓಣಿಗೆ ನಡೆದಳು.

"ಬಾನೂ, ನೀ ಬಾ. ಸೊಸಿ ಬಳಿ ಕಲ್ಲಿಲೆ ಒಡದರ ಗಾಜು ಕೂಸಿನ ಮ್ಯಾಲೆ ಸಿಡೀತಾವ. ಆಕಿ ಕೈ ಬಿಡವಲ್ಲಳು. ನೀ ಮೆತ್ತಗ ತಗಿ, ಆಕಿಗೆ ಗೊತ್ತಾಗಧಂಗ ತಗಿ."

ಬಾನುಬಿ ಔಡಲೆಣ್ಣೆಯ ಬಟ್ಟಲು ಹಿಡಿದು ಹೋದಳು. ದೇವವ್ವ ಮುಖ ಎತ್ತಲಿಲ್ಲ. ಕೂಸು ಮೊಲೆ ಎಳೆದು ಎಳೆದು ಬಿಟ್ಟು ಚೀರುತ್ತಿತ್ತು. ಎರಡು ದಿನದಿಂದ ಹಾಲು ಬತ್ತಿತ್ತು. ಬಾನುಬಿ ಕೂಸನ್ನು ಎತ್ತಿ ತನ್ನ ಸೆರಗಿನೊಳಗೆ ಹಾಕಿಕೊಂಡಳು. ಕರಿಯವ್ವ ಒಲೆಯ ಕಡೆ ಮುಖ ತಿರುವಿದಳು. ತೊಡೆಯ ಮೇಲೆ ಕೂಸು, ಕೈಯಲ್ಲಿ ದೇವವ್ವನ ಮುಂಗೈ. ಎಣ್ಣೆ ಸವರಿ, ಎಲುಬು ಒತ್ತಿ, ಒಂದೊಂದಾಗಿ ಹಸಿರು ಬಳೆಗಳನ್ನು ಇಳಿಸಿದಳು. ಮಾತು ತೆಗೆಯಲು ಏನೂ ಇರಲಿಲ್ಲ. ಎಡಗೈ, ಬಲಗೈ. ಎರಡರಲ್ಲೂ ಒಂದೊಂದು ಉಳಿದಾಗ ಬೆರಳು ನಿಂತವು.

ಅವಳು ಮತ್ತೊಮ್ಮೆ ಎಣ್ಣೆ ಹಚ್ಚಿಕೊಂಡಳು. ಬೆರಳು ಮುಂದೆ ಹೋಗಲಿಲ್ಲ.

"ಇದು ನನಗ ಬರವಲ್ದವಾ," ಅಂದಳು.

ಹೇಮಪ್ಪ ದೂರದಿಂದಲೇ ಕೆಮ್ಮಿದ. "ಏನವಾ ಬಳಿಗಾರ್ತಿ, ಅರ್ಧಾ ಮುತ್ತೈದಿ ಮಾಡಿ ಕುಂಡ್ರಸ್ತಿ ಏನು?"

"ಹೆಣಾ ನೋಡೀರೇನ್ರಿ ಯಜಮಾನ್ರ? ಕಂಬಳಿ ನೋಡೀರಿ. ಕಂಬಳಿ ಲೆಕ್ಕಕ್ಕ ಇಷ್ಟು ತಗದೀನಿ. ಹೆಣಾ ತೋರಸ್ರಿ, ಉಳದದ್ದೂ ತಗೀತೀನಿ."

"ಕೊಂದಾವರೂ ನಿಮ್ಮಾವರು, ಬಳಿ ಉಳಸಾಕಿನೂ ನೀನ?"

ಕೂಸು ಇನ್ನೂ ಕುಡಿಯುತ್ತಿತ್ತು. ಅದು ಬಿಡುವ ತನಕ ಬಾನುಬಿ ಕೂತಿದ್ದು, ಬಾಯಿ ಒರೆಸಿ, ದೇವವ್ವನ ಮಡಿಲಿಗೆ ಹಾಕಿ, ಎಣ್ಣೆಯ ಬಟ್ಟಲು ತೆಗೆದುಕೊಂಡು ಮನೆಗೆ ಬಂದಳು.

ಆ ಬೇಸಿಗೆಯಿಡೀ ಅವಳು ಎರಡು ಕೂಸುಗಳಿಗೆ ಹಾಲು ಕೊಟ್ಟಳು. ಬೆಳಗ್ಗೆ ಚಪ್ಪರಕ್ಕೆ ಹೋಗಿ ಶಂಕ್ರೆವ್ವನಿಗೆ, ಬಂದು ಮಗನಿಗೆ, ಸಂಜೆ ಮತ್ತೆ ಅಲ್ಲಿಗೆ. ಬೆನ್ನು ನೋಯುತ್ತಿತ್ತು, ಕೂದಲು ಉದುರುತ್ತಿತ್ತು, ಕೂತಲ್ಲಿ ಜೋಂಪು ಹತ್ತುತ್ತಿತ್ತು. ಶಮಶಾದಬಿ ಗೊಣಗುತ್ತಲೇ ಬೆಲ್ಲ ಹಾಕಿದ ಮೆಂತ್ಯದ ಗಂಜಿ ಮಾಡಿ ಕೊಡುತ್ತಿದ್ದಳು. ಮುಂಡರಗಿಯ ಕೆಲವು ಮನೆಗಳು ಬಳೆಯ ಬುಟ್ಟಿ ಕಂಡರೆ ಕದ ಮುಂದೆ ಮಾಡಿದವು. ಭಾಗೀರಥಿಬಾಯಿ ಮಾತ್ರ ಎಂದಿನಂತೆ ಹೊಸ್ತಿಲ ಹೊರಗೆ ಕೈ ಚಾಚಿ, "ಸೊರಗಿದೀಯಲ್ಲ, ಏನು ತಿಂತೀ?" ಎಂದು ಕೇಳಿದರು. ಸ್ನಾನವನ್ನೇನೂ ಬಿಡಲಿಲ್ಲ.

ಮಳೆಗಾಲದ ಕೊನೆಗೆ ಭಾರತದ ಸೈನ್ಯ ಹಳ್ಳ ದಾಟಿ ಹೋಯಿತು. ಕೆಲವೇ ದಿನಗಳಲ್ಲಿ ನಿಜಾಮರು ಸೋತರೆಂದರು. ಹುಣಸಿಕೊಪ್ಪದವರು ಚಕ್ಕಡಿ ಹೂಡಿದರು. ಈಗ ಹೆದರುವ ಸರದಿ ಹಳ್ಳದ ಆಚೆಯ ಮಣಿಯಾರರದು. ಅಲ್ಲಿಂದ ನೆಂಟರು ಬಂದು ಬಾನುಬಿಯ ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಮಲಗಿದರು. ಬಾನುಬಿ ಒಂದು ವರ್ಷ ಹಳ್ಳ ದಾಟಲಿಲ್ಲ.

ದೀಪಾವಳಿಗೆ ಎಂಟು ದಿನ ಇರುವಾಗ ಕರಿಯವ್ವನೇ ನಡೆದು ಬಂದಳು. ಉಡಿಯಲ್ಲಿ ಜೋಳ ಕಟ್ಟಿಕೊಂಡಿದ್ದಳು.

"ಯಾಕ ಬರವಲ್ಲಿ? ಸೊಸಿ ಕೈಯಾಗಿನ ಬಳಿ ಸವದಾವ. ಬಂದು ಬದಲ ಮಾಡು."

ಬಾನುಬಿ ಅವಳ ಮುಖ ನೋಡಿದಳು. ಬಳೆ ತೆಗೆಯಲು ಕರೆಯಬಂದಿದ್ದ ಅದೇ ಮುದುಕಿ.

"ತಿರಕಪ್ಪನ ಖಬರು ಏನರ…?"

"ಹೆಣಾ ಸಿಗಲಿಲ್ಲ. ಅಂದಮ್ಯಾಲೆ ಇದ್ದಾನ. ಕಲಬುರ್ಗಿ ಜೇಲಿನ್ಯಾಗ ನಮ್ಮ ಕಡ್ಯಾವರು ಭಾಳ ಮಂದಿ ಇದ್ರಂತ. ಯಾರೋ ನೋಡ್ಯಾರಂತ. ಈ ನಾಕಾದ ಸುಡುಗಾಡು ಒಂದ ಅಡ್ಡ ಐತಿ ನೋಡು, ಬರಾಕ ಬಿಡವಲ್ರು. ನೀ ಆವತ್ತು ಒಂದು ಉಳಸಿದ್ದು ಚಲೋ ಆತು."

ಬಾನುಬಿ ಹೋದಳು. ಎರಡೂ ಕೈಗೆ ಹೊಸ ಬಳೆ ಒಂದೊಂದು ಏರಿಸಿ, ಆಮೇಲೆ ಹಳೆಯದನ್ನು ತೆಗೆದಳು. ಜಾಸ್ತಿ ಇಡಿಸಲು ದೇವವ್ವನೇ ಒಪ್ಪಲಿಲ್ಲ. ಗೂಟಕ್ಕೆ ಆ ಕಂಬಳಿ ತೂಗುತ್ತಿತ್ತು. ಅದನ್ನು ಯಾರೂ ಹೊದೆಯುತ್ತಿರಲಿಲ್ಲ.

ಹಾಗೆ ವರ್ಷ ವರ್ಷ ನಡೆಯಿತು. ಜೈಲಿನವರೆಲ್ಲ ಬಿಡುಗಡೆಯಾಗಿ ಬಂದರು, ತಿರಕಪ್ಪ ಬರಲಿಲ್ಲ. ಆಗ ಹೈದರಾಬಾದಿನ ಗಿರಣಿಯಲ್ಲಿದ್ದಾನೆ ಎಂದಳು ಕರಿಯವ್ವ. ಪಟ್ಟಣದ ಮಂದಿ ಬಿಡುತ್ತಿಲ್ಲ ಎಂದಳು. ಸುಂಕ ನಿಂತ ಮೇಲೂ ಹಳ್ಳದ ದಂಡೆಯ ಗುಡಿಸಲು, ಅಡ್ಡಗೋಲು, ಒಬ್ಬ ಜವಾನ ಉಳಿದೇ ಇದ್ದರು. ಅದು ಹೈದರಾಬಾದಿನ ಗಡಿ, ಇದು ಮುಂಬೈಯ ಗಡಿ. ಮುದುಕಿ ಆ ಗುಡಿಸಲಿಗೆ ಬೈಯದ ದಿನವಿರಲಿಲ್ಲ. ಕಲಬುರ್ಗಿಯಿಂದಾಗಲಿ ಹೈದರಾಬಾದಿನಿಂದಾಗಲಿ ಬರುವವನು ಆ ಹಳ್ಳ ದಾಟಬೇಕಾಗಿಯೇ ಇಲ್ಲ ಎಂದು ಯಾರೂ ಅವಳಿಗೆ ಹೇಳಲು ಹೋಗಲಿಲ್ಲ. ಬಾನುಬಿ ಬಂದಾಗಲೆಲ್ಲ ಸೊಸೆಯ ಕೈ ಬೆಳಕಿಗೆ ಹಿಡಿದು ಬಳೆಯಲ್ಲಿ ಬಿರುಕು ಇದೆಯೇ ಎಂದು ನೋಡುತ್ತಿದ್ದಳು. ಮನೆಗೆ ಮಜ್ಜಿಗೆ ಇಲ್ಲದಿದ್ದರೂ ಬಾನುಬಿಗೆ ಒಂದು ತಂಬಿಗೆ ಇಟ್ಟಿರುತ್ತಿದ್ದಳು.

ಹೊಲ ಉಳಲು ಯಾರೂ ಇರಲಿಲ್ಲ. ಊರಲ್ಲೇ ಇದ್ದ ಹೊಳೆಯಪ್ಪ ಬೆಳೆಯಲ್ಲಿ ಪಾಲು ಮಾತಾಡಿ ಕೋರಿಗೆ ಮಾಡುತ್ತಿದ್ದ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದವನು. ಮಾತು ಕಡಿಮೆ. ರಾಶಿಯಾದಾಗ ಮೊದಲ ಚೀಲ ಕರಿಯವ್ವನ ಅಂಗಳಕ್ಕೆ ತಂದು ಹಾಕಿ ಆಮೇಲೆ ತನ್ನದನ್ನು ಒಯ್ಯುತ್ತಿದ್ದ. ಶಂಕ್ರೆವ್ವನಿಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಮುಂಡರಗಿಯ ದವಾಖಾನೆಗೆ ನಡೆದಿದ್ದ. ಅವರ ಪೈಕಿ ಉಡಿಕಿಯ ರೂಢಿ ಇತ್ತು. ಗಂಡ ತೀರಿದವಳಿಗೆ ಹಿರಿಯರು ಕೂಡಿ ಸೀರೆ ಉಡಿಸಿ, ಬಳೆ ಇಡಿಸಿ, ಮತ್ತೊಬ್ಬನ ಮನೆ ತುಂಬಿಸುತ್ತಿದ್ದರು. ಆದರೆ ಹೇಮಪ್ಪ ಒಪ್ಪಲಿಲ್ಲ.

"ಕೈಯಾಗ ಬಳಿ ಇದ್ದಾಕಿಗೆ ಎಂಥಾ ಉಡಿಕಿ? ನಾ ಆವತ್ತ ಹೇಳಿದ್ದೆ. ಅರ್ಧಾ ಮುತ್ತೈದಿ, ಅರ್ಧಾ ರಂಡಿ. ಆ ಬಳಿಗಾರ್ತಿನ್ನ ಕೇಳ್ರಿ."

ಈ ಮಾತು ಬಾನುಬಿಗೆ ಗೊತ್ತಾದದ್ದು ದೇವವ್ವನಿಂದಲೇ. ಆ ವರ್ಷ ನಾಗರಪಂಚಮಿಗೆ ಬಾನುಬಿ ಬುಟ್ಟಿ ಹೊತ್ತು ಹುಣಸಿಕೊಪ್ಪಕ್ಕೆ ಹೋದಾಗ ದೇವವ್ವ ಹೊಲದ ಬದುವಿನಲ್ಲಿ ಕಳೆ ತೆಗೆಯುತ್ತಿದ್ದಳು. ಕೈಯಲ್ಲಿದ್ದ ಕುರ್ಚಿಗಿ ಕೆಳಗಿಟ್ಟು ಬಂದು ಪಕ್ಕ ಕೂತಳು. ಅರವತ್ತರವಳ ಹಾಗೆ ಕೂತಳು. ಅವಳಿಗೆ ಇನ್ನೂ ಮೂವತ್ತಾಗಿರಲಿಲ್ಲ.

"ಬಾನಕ್ಕಾ, ನಿನಗ ಬೈಯಂಗಿಲ್ಲ ನಾನು. ಸಿಟ್ಟು ಮಾಡಬ್ಯಾಡ."

"ಹೇಳು."

"ಅರಿಷಿಣ ಕುಂಕುಮಕ್ಕ ಯಾರೂ ಕರ್ಯಾಂಗಿಲ್ಲ. ವಿಧವಿಯಾರ ಪಂಕ್ತಿಯೊಳಗೂ ಕುಂಡ್ರಸಂಗಿಲ್ಲ. ಆವತ್ತು ನೀ ಎಲ್ಲಾ ತಗದಿದ್ರ ಅತ್ತು ಮುಗಸ್ತಿದ್ದೆ. ಈಗ ನನ್ನ ಸಂಸಾರ ಬ್ಯಾರೇನ ಇರತಿತ್ತು."

"ನೀನ ತಗದು ಒಗದ್ರ ಯಾರು ಬ್ಯಾಡಂತಾರ?"

"ಅತ್ತಿ ಸಾಯತಾಳ. ಆಕಿ ಮಗಾ ಈ ಬಳಿಯೊಳಗ ಇದ್ದಾನ." ದೇವವ್ವ ಬಳೆಯನ್ನು ಮುಂಗೈಯಲ್ಲಿ ತಿರುಗಿಸಿದಳು. "ಸಾಕಾಗೈತಿ ಬಾನಕ್ಕ. ಹೊಳೆಯಪ್ಪ ಇನ್ನೆಷ್ಟು ವರ್ಷ ಕಾಯತಾನ? ಅಂವಾ ಏನೂ ಅನ್ನಂಗಿಲ್ಲ, ಅದಕ್ಕ ನನಗ ಹೆಚ್ಚು ಸಂಕಟ."

ಬಾನುಬಿ ಮನೆಗೆ ಬಂದು ಅತ್ತೆಗೆ ಹೇಳಿದಳು. ಶಮಶಾದಬಿಗೆ ಕಣ್ಣು ಮಂಜಾಗಿದ್ದವು, ಬಾಯಿ ಇನ್ನೂ ಚುರುಕಿತ್ತು. "ಒಂದು ಇರಲಿ ಅಂತ ಹೇಳಿದ್ದು ಹೊಸಾದು ಏರೂತನಕ. ಜನ್ಮಪೂರ್ತಿ ಅಲ್ಲ," ಅಂದಳು. ಆ ರಾತ್ರಿ ಬಾನುಬಿ ಬಹಳ ಹೊತ್ತು ಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು. ತಾನು ಅಂದು ದಯೆಯಿಂದ ಬಿಟ್ಟೆನೋ, ಬೆರಳು ನಿಂತವೆಂದು ಬಿಟ್ಟೆನೋ ಎಂಬುದು ಅವಳಿಗೇ ತಿಳಿಯಲಿಲ್ಲ. ಯಾವುದಾದರೂ ಸರಿ, ಅದರ ಭಾರ ಹೊತ್ತವಳು ದೇವವ್ವ.

ಕನ್ನಡ ಮಾತನಾಡುವವರದೆಲ್ಲ ಒಂದೇ ರಾಜ್ಯವಾಗುತ್ತದೆ ಎಂದು ಮಂದಿ ಅನ್ನುತ್ತಲೇ ಇದ್ದರು. ಕಡೆಗೆ ಆಯಿತು. ಆ ವರ್ಷ ರಾಜ್ಯದ ಹಬ್ಬ, ದೀಪಾವಳಿ ಎರಡೂ ಬೆನ್ನು ಬೆನ್ನಿಗೆ ಬಂದವು. ಮುಂಡರಗಿಯಲ್ಲಿ ತೋರಣ, ಶಾಲೆಯ ಮಕ್ಕಳ ಮೆರವಣಿಗೆ. ಬಾನುಬಿ ಬುಟ್ಟಿ ಹೊತ್ತು ಮೂಡಣ ದಾರಿ ಹಿಡಿದಳು. ದೇವವ್ವನ ಆ ಬಳೆ ತೆಗೆಯಲೇ ಎಂದು ಇಂದು ಕರಿಯವ್ವನನ್ನು ಕೇಳಿಯೇ ಬಿಡಬೇಕು ಎಂದುಕೊಂಡಿದ್ದಳು. ಹಳ್ಳದ ದಂಡೆಗೆ ಬಂದಾಗ ಅಡ್ಡಗೋಲು ಇರಲಿಲ್ಲ. ಗುಡಿಸಲಲ್ಲಿ ಯಾರೋ ಆಡು ಕಟ್ಟಿದ್ದರು.

ಕರಿಯವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮಜ್ಜಿಗೆಯ ತಂಬಿಗೆ ಪಕ್ಕದಲ್ಲಿತ್ತು. ದೇವವ್ವ ಒಳಗಿನಿಂದ ಬಂದು ಕಂಬಕ್ಕೆ ಒರಗಿದಳು. ಬಾನುಬಿ ಬುಟ್ಟಿ ಇಳಿಸಿ, ಮಾತಿಗೆ ಎಲ್ಲಿಂದ ಶುರು ಮಾಡಲಿ ಎಂದು ನೋಡುತ್ತಿರುವಾಗ ಮುದುಕಿಯೇ ಕೇಳಿದಳು.

"ನಾಕಾ ತಗದಾರಂತ, ಖರೆ ಏನು?"

"ಹೂನವಾ. ಆಡು ಕಟ್ಟ್ಯಾರ ಅದರಾಗ."

"ಬಂದೂಕಿನಾವ?"

"ಇಲ್ಲ."

"ಅಡ್ಡಗೋಲು?"

"ಅದೂ ಇಲ್ಲ. ಯಾರೋ ಒಲಿಗೆ ಒಯ್ದಿರಬೇಕು."

"ಹಂಗಾದ್ರ ಹಿಡ್ಯಾವ್ರು ಯಾರೂ ಇಲ್ಲ?"

"ಯಾರೂ ಇಲ್ಲವಾ. ಈಗ ಎಲ್ಲಾ ಒಂದ."

ಕರಿಯವ್ವ ದಾರಿಯ ಕಡೆ ನೋಡಿದಳು. ದಾರಿಯಲ್ಲಿ ಒಂದು ಚಕ್ಕಡಿ ಹೋಯಿತು, ಅದರ ಧೂಳು ಅಡಗಿತು.

"ಹಂಗಾದ್ರ ಬರಬೇಕಿತ್ತಲ್ಲ ಬಾನೂ," ಅಂದಳು. "ಬರಾವ ಇದ್ರ."

ಬಾನುಬಿ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬುಟ್ಟಿಯಲ್ಲೇ ಉಳಿಯಿತು. ಮುದುಕಿ ಅಳಲಿಲ್ಲ. ಅವಳಿಗೂ ಸಾಕಾಗಿತ್ತು. ಪ್ರತಿದಿನ ಒಬ್ಬನನ್ನು ಜೀವಂತ ಇಡುವುದು ಸಣ್ಣ ಕೆಲಸವಲ್ಲ.

"ಹೊಳೆಯಪ್ಪ ಇನ್ನೂ ಹೂನ ಅಂತಾನೇನ?" ಎಂದು ಸೊಸೆಯ ಕಡೆ ನೋಡದೆಯೇ ಕೇಳಿದಳು.

ಅಂಗಳದಲ್ಲಿ ಕುಂಟಾಟ ಆಡುತ್ತಿದ್ದ ಶಂಕ್ರೆವ್ವ, "ಹೂನ ಅಂತಾನ ಯಮ್ಮಾ. ನನಗ ಹೇಳ್ಯಾನ," ಅಂದಳು. ಯಾರಿಗೂ ತಡೆಯಲಾಗದೆ ಮೂವರಿಗೂ ಸಣ್ಣ ನಗು ಬಂತು.

"ಎಲ್ಲಾದರಾಗೂ ಬಾಯಿ ಹಾಕತಾಳ," ಅಂದಳು ಮುದುಕಿ. ಆಮೇಲೆ ಬಾನುಬಿಗೆ, "ಹಸಿರು ಬಳಿ ಅದಾವೇನ?"

"ಅದಾವವಾ."

"ಕೈ ತುಂಬ ಇಡಸು. ಹಬ್ಬ ಮುಗದ ಮ್ಯಾಲೆ ಹೇಮಪ್ಪನ್ನ ಕರಿಸಿ ಉಡಿಕಿ ಮಾತು ನಾನ ತಗೀತೀನಿ. ಈಗ ಏನಂತಾನ ನೋಡೂಣು." ಬಾನುಬಿ ಬುಟ್ಟಿಗೆ ಕೈ ಹಾಕಿದಾಗ ಮತ್ತೆ ಅಂದಳು: "ಮೊದಲ ಹೊಸಾದು ಇಡಸು. ಹಳೇದು ಆಮ್ಯಾಲೆ ತಗಿ. ಕೈ ಬರಿದು ಮಾಡಬ್ಯಾಡ."

ಬಾನುಬಿ ದೇವವ್ವನ ಕೈ ಹಿಡಿದಳು. ಮದುವೆಯಲ್ಲಿ ಸಣ್ಣದಾಗಿದ್ದ ಕೈ ಈಗ ಕಳೆ ಕಿತ್ತು, ಬೀಸಿ, ಗಟ್ಟಿಯಾಗಿತ್ತು. ಹೆಬ್ಬೆರಳಿನ ಬುಡ ಒತ್ತಿದರೆ ಮಣಿಯಲಿಲ್ಲ. ಎಣ್ಣೆ ಹಚ್ಚಿದಳು. ಎರಡು ಬಳೆ ಒಡೆದವು. "ತಡಿ, ಮಾತಾಡು ಏನಾರ," ಅಂದಳು. "ಏನು ಮಾತಾಡ್ಲಿ?" ಅಂದಳು ದೇವವ್ವ. ಅಷ್ಟಕ್ಕೇ ಕೈ ಸಡಿಲವಾಯಿತು. ಹೊಸವು ಏರಿದವು. ಆಮೇಲೆ ಬಾನುಬಿ ಹಳೆಯದೊಂದರ ಮೇಲೆ ಬೆರಳಿಟ್ಟಳು. ಈ ಸಲ ಬೆರಳು ನಿಲ್ಲಲಿಲ್ಲ. ಎಡಗೈಯದು ಬಂತು, ಬಲಗೈಯದು ಬಂತು. ಕರಿಯವ್ವ ಅಂಗೈ ಚಾಚಿದಳು. ಎರಡನ್ನೂ ಅಲ್ಲಿ ಇಟ್ಟಳು.

ಮುದುಕಿ ಎದ್ದು ಒಳಗೆ ಹೋದಳು. ಬರುವಾಗ ಮೊರದಲ್ಲಿ ಜೋಳ, ತೋಳಿನ ಮೇಲೆ ಕಂಬಳಿ. ಜೋಳವನ್ನು ಬಾನುಬಿಯ ಸೆರಗಿಗೆ ಸುರಿದಳು. ಕಂಬಳಿಯನ್ನು ಅಂಗಳದಲ್ಲಿ ಝಾಡಿಸಿದಳು. ವರ್ಷಗಳ ಧೂಳು ಎದ್ದಿತು, ಶಂಕ್ರೆವ್ವ ಸೀನಿದಳು.

"ಥಂಡಿ ಸುರು ಆತು," ಅಂದಳು ಸೊಸೆಗೆ. "ಇದನ್ನ ಬಿಸಲಿಗೆ ಹಾಕು. ರಾತ್ರಿ ಹುಡುಗಿಗೆ ಹೊಚ್ಚು."

ಬಾನುಬಿ ಮಜ್ಜಿಗೆ ಕುಡಿದು ಬುಟ್ಟಿ ಎತ್ತಿಕೊಂಡಳು. ಹಳ್ಳದ ದಂಡೆಗೆ ಬಂದಾಗ ಕಾಲು ಸೋತಿದ್ದವು. ಆಡುಗಳ ಪಕ್ಕ, ಮೊದಲು ಬುಟ್ಟಿ ಇಳಿಸಿ ತೋರಿಸಬೇಕಾಗಿದ್ದ ಜಾಗದಲ್ಲಿ ಬುಟ್ಟಿ ಇಳಿಸಿ ಕೂತಳು. ಇನ್ನೂ ಮೂರು ಊರು ಉಳಿದಿದ್ದವು, ಹಬ್ಬಕ್ಕೆ ಒಂದೇ ದಿನ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಎದ್ದಳು.